ಗಾಳಿ ಬೀಳುವ ಹನ್ನೊಂದು ದಿನ

ಕಚೇರಿಯ ಬೀಗ ತೆಗೆದು, ಕಿಟಕಿಯ ಎರಡೂ ಬಾಗಿಲು ಸರಿಸಿ, ಕಸಬರಿಗೆಯನ್ನು ಒಂದು ಸಲ ಗೋಡೆಗೆ ಬಡಿದು ನಾನು ಪಶ್ಚಿಮದ ಮೂಲೆಯಿಂದ ಗುಡಿಸುತ್ತ ಬಂದೆ. ಮೇಜಿನ ಕೆಳಗೆ, ಕಪಾಟಿನ ಸಂದಿಯಲ್ಲಿ, ಗೋಡೆಗೆ ತೂಗುಹಾಕಿದ ದೊಡ್ಡ ನಕ್ಷೆಗಳ ಅಡಿಯಲ್ಲಿ. ನಮ್ಮದು ಸುಣ್ಣ ಸುಡುವ ಊರು, ಬಿಳಿ ಧೂಳು ದಿನಾ ಬಂದು ಕೂರುತ್ತದೆ. ಅಕ್ಕ ಕುರ್ಚಿಯಲ್ಲಿ ಕೂತು ಕಾಗದ ನೋಡುತ್ತಿದ್ದಳು. ಕಸಬರಿಗೆ ಹತ್ತಿರ ಬಂದಾಗ ಎರಡೂ ಕಾಲು ಮೇಲೆತ್ತಿದಳು, ದಾಟಿ ಹೋದ ಮೇಲೆ ಇಳಿಸಿದಳು. ಪೂರ್ವದ ಮೂಲೆಯಲ್ಲಿ ಗೋಡೆ ಇನ್ನೊಂದು ಗೇಣು ದೂರವಿರುವಾಗ ನಾನು ನಿಂತೆ. ಅಷ್ಟು ಧೂಳನ್ನು ಹಾಗೇ ಬಿಟ್ಟು, ಉಳಿದದ್ದನ್ನು ಮೊರದಲ್ಲಿ ಎತ್ತಿಕೊಂಡು ಹೊರಗೆ ಹೋದೆ.

ನಮ್ಮ ಊರಲ್ಲಿ ಯಾರೂ ಯಾವ ಕೆಲಸವನ್ನೂ ಪೂರ್ತಿ ಕಲಿಯುವುದಿಲ್ಲ. ಪೂರ್ತಿ ಕಲಿತವರಿಗೆ ಬಸ್ಸು ಬರುತ್ತದೆ. ಹಣೆಯ ಮೇಲೆ ಬೋರ್ಡಿಲ್ಲದ ಬೂದು ಬಣ್ಣದ ಬಸ್ಸು. ಮನೆಯ ಮುಂದೆ ನಿಲ್ಲುತ್ತದೆ, ಕಲಿತವರು ಹತ್ತುತ್ತಾರೆ, ಹೋಗುತ್ತದೆ. ಹೋದವರು ತಿರುಗಿ ಬಂದದ್ದಿಲ್ಲ, ಅವರಿಂದ ಒಂದು ಕಾಗದ ಬಂದದ್ದೂ ಇಲ್ಲ. ಹಾಗಂತ ಸತ್ತರು ಎಂದು ಯಾರೂ ಅನ್ನುವುದಿಲ್ಲ. ಬೇಕಾದರು ಅನ್ನುತ್ತಾರೆ. ಎಲ್ಲೋ ಬೇಕಾದರು, ಹೋದರು. ನಾನು ಹುಟ್ಟುವ ಮೊದಲು ಒಬ್ಬ ಅಕ್ಕಸಾಲಿ ಬುಗುಡಿಯ ಕೊನೆಯ ಹರಳು ಕೂರಿಸಿದ ಗಳಿಗೆಗೆ ಸರಿಯಾಗಿ ಬಸ್ಸು ಬಂತಂತೆ. ಅವನು ನೆಲದಡಿಯ ಜೋಳದ ಹಗೇವಿನೊಳಗೆ ಇಳಿದು ಅವಿತುಕೊಂಡ. ಬಸ್ಸು ಅವನ ಬಾಗಿಲಲ್ಲಿ ಎಂಜಿನ್ ಆರಿಸದೆ ಒಂಬತ್ತು ದಿನ ನಿಂತಿತು. ಎಮ್ಮೆಗಳು ಹಾಲು ಇಳಿಸಲಿಲ್ಲ, ಕೂಸುಗಳು ಕಣ್ಣು ಮುಚ್ಚಲಿಲ್ಲ. ಹತ್ತನೆಯ ದಿನ ಅವನೇ ಮೇಲೆ ಬಂದು, ಮೈಮೇಲಿನ ಹೊಟ್ಟು ಕೊಡವಿಕೊಂಡು, ಓಣಿಯವರಿಗೆಲ್ಲ ಕೈಮುಗಿದು ಹತ್ತಿದನಂತೆ. ಅಂದಿನಿಂದ ಯಾರೂ ಅವಿತುಕೊಂಡಿಲ್ಲ.

ಅದಕ್ಕೇ ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿ ಒಂದು ಗೇಣು ಬಿಡುತ್ತಾರೆ. ಕ್ಷೌರ ಮಾಡುವವನು ಎಡಗಿವಿಯ ಹತ್ತಿರ ಬಂದಾಗ ಕತ್ತರಿ ಕೆಳಗಿಡುತ್ತಾನೆ. ನಮ್ಮೂರ ಗಂಡಸರನ್ನು ಪರವೂರ ಸಂತೆಯಲ್ಲಿ ಆ ಕಿವಿಯಿಂದಲೇ ಗುರುತು ಹಿಡಿಯುತ್ತಾರೆ. ಸೂಲಗಿತ್ತಿಯರು ಇಬ್ಬರು. ಒಬ್ಬಳಿಗೆ ಕೂಸನ್ನು ಹಿಡಿಯುವುದು ಗೊತ್ತು, ಹೊಕ್ಕಳ ಹುರಿ ಕಟ್ಟುವುದು ಗೊತ್ತಿಲ್ಲ. ಇನ್ನೊಬ್ಬಳಿಗೆ ಹುರಿ ಕಟ್ಟುವುದಷ್ಟೇ ಗೊತ್ತು. ಹುರಿ ಕಟ್ಟುವಾಗ ಮೊದಲನೆಯವಳು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಾಳೆ. ನಮ್ಮವ್ವ ಮೂವತ್ತು ವರ್ಷದಿಂದ ರೊಟ್ಟಿ ಬಡಿಯುತ್ತಾಳೆ. ಕೊನೆಯ ಸಲ ಮಗುಚುವ ಹೊತ್ತಿಗೆ ಮುಖ ಆಚೆ ತಿರುಗಿಸುತ್ತಾಳೆ, ಅಂಚು ಹೊತ್ತುತ್ತದೆ. ಹೊತ್ತಿದ ಅಂಚು ತಿಂದೇ ನಾನೂ ಅಕ್ಕನೂ ಬೆಳೆದದ್ದು.

ಅಪ್ಪ ಸುಣ್ಣದ ಗೂಡಿನಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದ. ನನಗೆ ಆರು ವರ್ಷವಿದ್ದಾಗ ಒಂದು ಬೆಳಿಗ್ಗೆ ಹೊಗೆಯ ಬಣ್ಣ ನೋಡಿ, 'ಇನ್ನ ಒಂದ ಎಲಿ ಅಡಿಕಿ ಹಾಕೂದ್ರಾಗ ಕಲ್ಲು ಅರಳ್ತಾವು' ಎಂದ. ಬಾಯಿಗೆ ಹಾಕಿದ ಎಲೆ ಮುಗಿಯುವ ಹೊತ್ತಿಗೆ ಕಲ್ಲು ಅರಳಿ ಬಿಳಿಯಾದವು. ಅವನು ಹಿಂತಿರುಗಿ ನೋಡಿದಾಗ ಬಸ್ಸು ನಿಂತಿತ್ತು. ಏಳನೆಯ ತರಗತಿಯಲ್ಲಿ ನಾನು ಲೆಕ್ಕದ ಪರೀಕ್ಷೆ ಬರೆದೆ. ಆ ಸಂಜೆ ಮಾಸ್ತರರು ಬಿಳಿಚಿಕೊಂಡ ಮುಖದಲ್ಲಿ ನಮ್ಮ ಮನೆಗೆ ಬಂದು, 'ಗುರವ್ವಾ, ಹುಡುಗಿ ಒಂದೂ ತಪ್ಪು ಮಾಡಿಲ್ಲ' ಎಂದರು. ಮರುದಿನದಿಂದ ಅವ್ವ ನನ್ನನ್ನು ಸಾಲೆಗೆ ಕಳಿಸಲಿಲ್ಲ. ಪುಸ್ತಕಗಳನ್ನು ಅಟ್ಟದ ಮೇಲೆ ಒಗೆದಳು. ನನಗೆ ಮೊದಲೇ ಮಾತು ಕಡಿಮೆ. ಆಮೇಲೆ ಇನ್ನೂ ಕಡಿಮೆಯಾಯಿತು. ಆದರೆ ನೋಡುವುದನ್ನು ಯಾರೂ ಬಿಡಿಸಲಿಲ್ಲ.

ಅಕ್ಕ ಶಶಿಕಲಾ ನನಗಿಂತ ಎಂಟು ವರ್ಷ ದೊಡ್ಡವಳು. ದವಾಖಾನೆಯಲ್ಲಿ ಔಷಧಿಯ ತಣ್ಣನೆಯ ಪೆಟ್ಟಿಗೆ ನೋಡಿಕೊಳ್ಳುವ ಕೆಲಸ ಅವಳದು. ನಮ್ಮೂರಿಗೆ ಬರುವ ಕರೆಂಟು ತಂತಿಯ ತುದಿಯಲ್ಲಿ ಬರುವ ಕರೆಂಟು, ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ. ಒಮ್ಮೆ ನಾಲ್ಕು ದಿನ ಹೋಯಿತು. ನಾಲ್ಕನೆಯ ದಿನ ನಮ್ಮ ಓಣಿಯ ರೇಣುಕಾಳಿಗೆ ಹಾವು ಕಚ್ಚಿತು, ಒಂಬತ್ತು ವರ್ಷದ ಹುಡುಗಿ. ಔಷಧಿ ಪೆಟ್ಟಿಗೆಯಲ್ಲಿತ್ತು, ಆದರೆ ಕೆಟ್ಟಿತ್ತು. ಹುಡುಗಿ ಅಕ್ಕನ ತೊಡೆಯ ಮೇಲೆಯೇ ಹೋದಳು. ಆಮೇಲೆ ಅಕ್ಕ ಕೆಲಸದ ನಡುವೆ ಎದ್ದು ಹೋಗಿ ಆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನಿಲ್ಲುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕರೆಂಟು ನಮ್ಮಲ್ಲಿ ಹುಟ್ಟುವುದಿಲ್ಲವೆಂದಲ್ಲ. ಊರ ಹಿಂದಿನ ಗುಡ್ಡದ ಸಾಲಿನ ಮೇಲೆ ಹೊರಗಿನವರು ಹದಿನಾಲ್ಕು ಗಾಳಿಗಂಬ ನೆಟ್ಟಿದ್ದರು, ಅವುಗಳ ಬುಡದಲ್ಲಿ ಒಂದಷ್ಟು ಸೋಲಾರ್ ಹಲಗೆ ಹಾಸಿದ್ದರು. ಕಂಬಗಳು ವರ್ಷದ ಹೆಚ್ಚಿನ ದಿನ ತಿರುಗುತ್ತಿದ್ದವು, ತಂತಿಗಳು ನಮ್ಮ ಮಾಳಿಗೆಗಳ ಮೇಲಿಂದಲೇ ಎಲ್ಲಿಗೋ ಹೋಗುತ್ತಿದ್ದವು. ಮೇಲಿನ ಸರಕಾರದಿಂದ ಒಂದು ಆದೇಶ ಬಂತು. ಊರಿನದೇ ಒಂದು ಗಾಳಿ-ಬಿಸಿಲು ಕಚೇರಿ ಆಗಬೇಕು. ಗಾಳಿಯ ಕರೆಂಟು ಯಾರಿಗೆ ಮೊದಲು, ಯಾರಿಗೆ ಆಮೇಲೆ, ಕಂಬ ಕೆಟ್ಟರೆ ಯಾರು ನೋಡಬೇಕು, ಗಾಳಿ ಬಿದ್ದ ದಿನಗಳಲ್ಲಿ ಏನು ಮಾಡಬೇಕು, ಇದನ್ನೆಲ್ಲ ಊರಿನವರೇ ಕಲಿತು ನೀತಿ ಎಂದು ಬರೆದು ಕೊಡಬೇಕು. ಬರೆದು ಕೊಟ್ಟರೆ ದವಾಖಾನೆಗೂ ನೀರಿಗೂ ಗಿರಣಿಗೂ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಕಳಿಸಬಹುದು. ಎರಡು ವರ್ಷದೊಳಗೆ ಕೊಡದಿದ್ದರೆ ಗುಡ್ಡ ಮೂವತ್ತು ವರ್ಷ ಹೊರಗಿನವರದು.

ಕಲಿಸಲು ಪಟವರ್ಧನ ಸಾಹೇಬರು ಬಂದರು. ಬೆಳ್ಳಗಿನ ಮನುಷ್ಯ, ಮೆತ್ತಗಿನ ದನಿ, ಸದಾ ಕೊರಳಲ್ಲಿ ಒಂದು ಕರವಸ್ತ್ರ. ನಕ್ಷೆ ತಂದರು, ಗಾಳಿ ಅಳೆಯುವ ಬಟ್ಟಲುಗಳನ್ನು ತಂದರು. 'ನಿಮ್ಮ ಸಾಮರ್ಥ್ಯ ಬೆಳೆಸುವುದೇ ನನ್ನ ಕೆಲಸ' ಎಂದರು. ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನೇಮಕವಾದ ಹುಡುಗ ಚುರುಕು, ಇಪ್ಪತ್ತೆರಡನೆಯ ದಿನ ಬೇಕಾದ. ಎರಡನೆಯವಳು ಎಚ್ಚರದವಳು, ನಾಲ್ಕು ತಿಂಗಳು ತಡೆದಳು. ಮೂರನೆಯವನು ದಡ್ಡ ಎಂದೇ ಆರಿಸಿದ್ದರು. ಅವನನ್ನೂ ಸಾಹೇಬರು ಎಂಟು ತಿಂಗಳು ಬಿಡದೆ ತಿದ್ದಿ ತಿದ್ದಿ ಕಲಿಸಿಬಿಟ್ಟರು. ಮೂವರೂ ಬಸ್ಸು ಹತ್ತಿದ ಮೇಲೆ ಸಾಹೇಬರು ಮೇಲಕ್ಕೆ ವರದಿ ಬರೆದರು: ತರಬೇತಿ ಪಡೆದ ಸಿಬ್ಬಂದಿ ನಿಲ್ಲುತ್ತಿಲ್ಲ, ಸಂಬಳ ಹೆಚ್ಚಿಸತಕ್ಕದ್ದು.

'ಪಗಾರದ ಮಾತಲ್ರೀ ಸಾಹೇಬ್ರ, ಬಸ್ಸಿಂದು' ಎಂದ ಹುಚ್ಚೀರಪ್ಪ. ಹುಚ್ಚೀರಪ್ಪ ಮೊದಲು ಪಂಚಾಯಿತಿಯಲ್ಲಿ, ಈಗ ನಮ್ಮ ಕಚೇರಿಯಲ್ಲಿ ಜವಾನ. ಮೂವತ್ತು ವರ್ಷದಲ್ಲಿ ಒಂದು ಸಲವೂ ಚಹಾಕ್ಕೆ ಸರಿಯಾಗಿ ಸಕ್ಕರೆ ಹಾಕಿದವನಲ್ಲ.

'ಬಸ್ಸಾ? ಬಸ್ಸಿನ ವ್ಯವಸ್ಥೆ ಚೆನ್ನಾಗಿಯೇ ಇದೆಯಲ್ಲ?' ಎಂದರು ಸಾಹೇಬರು.

'ಅದ ತೊಂದ್ರಿರೀ. ಭಾಳ ಚಲೋ ಐತಿ.'

'ಎಲ್ಲವನ್ನೂ ಕಲಿತರೆ ಹೋಗಬೇಕಾಗುತ್ತದೆ ಎಂದು ನೀವೆಲ್ಲ ಹೇಳುತ್ತೀರಿ. ಹಾಗಾದರೆ ನಾನು ಒಂದೂವರೆ ವರ್ಷದಿಂದ ಇಲ್ಲಿಗೆ ಬಂದು ಹೋಗುತ್ತಿದ್ದೇನೆ. ನನಗೆ ಯಾಕೆ ಬಂದಿಲ್ಲ?'

ಹುಚ್ಚೀರಪ್ಪ ಚಹಾದ ಲೋಟ ಇಟ್ಟು, 'ನಿಮಗ ಹೆದರಿಕಿ ಇಲ್ಲ ಬಿಡ್ರೀ ಸಾಹೇಬ್ರ' ಎಂದು ಹೊರಗೆ ಹೋದ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಗಡುವಿಗೆ ಇನ್ನು ಐದು ತಿಂಗಳಿರುವಾಗ ಅಕ್ಕ ತಾನೇ ಹೋಗಿ ಆ ಕುರ್ಚಿ ಕೇಳಿದಳು. ಅವ್ವ ಎರಡು ದಿನ ಉಣ್ಣಲಿಲ್ಲ. 'ನಿಮ್ಮಪ್ಪನ್ನ ಬೆಂಕಿ ತಗೊಂಡು ಹೋತು, ನಿನ್ನ ಗಾಳಿ ತಗೊಂಡು ಹೋಗ್ಲಿ, ನಾ ಈ ಬೂದಿ ಕಟಗೊಂಡು ಕುಂದರ್ತೀನಿ' ಎಂದಳು. ಅಕ್ಕ ಅವಳ ಎದುರು ತಟ್ಟೆ ಸರಿಸಿ, 'ಇಲ್ಲಬೇ. ಸೂಲಗಿತ್ತ್ಯಾರು ಹೆಂಗ ಉಳದಾರ? ಹಂಗ ಮಾಡ್ತೀನಿ' ಎಂದಳು. ಊರಿನವರನ್ನು ಕೂಡಿಸಿ ಅದನ್ನೇ ಹೇಳಿದಳು. 'ಒಬ್ಬರು ಪೂರ್ತಿ ಕಲಿಯೂದು ಬ್ಯಾಡ. ಏಳು ಮಂದಿ ಸೇರಿ ಒಬ್ಬರಾಗೂಣು. ಏಳು ಮಂದಿನ್ನ ಒಮ್ಮೆಲೇ ಬೇಕು ಅನ್ನಾಕ ಆ ಬಸ್ಸಿಗೆ ಬಾಯಿ ಬರ್ತೈತೇನು?'

ಹಾಗೆ ಏಳು ಮಂದಿಯ ಕಚೇರಿಯಾಯಿತು. ದವಾಖಾನೆಗೆ ಯಾವ ಹೊತ್ತಿನಲ್ಲಿ ಎಷ್ಟು ಬೇಕೆಂದು ಕಂಪೌಂಡರಿಗೆ ಗೊತ್ತು. ಹಿಟ್ಟಿನ ಗಿರಣಿಗಳ ಬಾಬತ್ತು ಗಿರಣಿಯ ಶೇಖಪ್ಪನಿಗೆ. ನೀರಿನದು ವಾಲ್ವ್ ತಿರುಗಿಸುವ ಮೌಲಾಸಾಬನಿಗೆ. ಕಂಬ ಯಾವಾಗ ನಿಲ್ಲಿಸಬೇಕೆಂಬುದು ಹುಚ್ಚೀರಪ್ಪನಿಗೆ. ಹೊರಗಿನವರ ಜೊತೆ ಜಗಳವಾದರೆ ಏನು ಹೇಳಬೇಕೆಂಬುದು ಸೂಲಗಿತ್ತಿಯರಿಗೆ. ಅವರನ್ನು ಇಬ್ಬರೆಂದು ಎಣಿಸಬೇಕೋ ಒಬ್ಬರೆಂದೋ ಎಂದು ಅರ್ಧ ದಿನ ವಾದ ನಡೆದು ಒಬ್ಬರೆಂದೇ ತೀರ್ಮಾನವಾಯಿತು. ಎಲ್ಲವನ್ನೂ ಜೋಡಿಸಿ ಬರೆಯುವವಳು ಅಕ್ಕ. ಹಾಗೆ ಬರೆಯುತ್ತ ಬರೆಯುತ್ತ ಅವಳಿಗೆ ಉಳಿದವರದ್ದೆಲ್ಲ ತಿಳಿಯುತ್ತ ಬಂತು. ಅದು ಅವಳಿಗೂ ಗೊತ್ತಿತ್ತು. ಅದಕ್ಕೇ ಒಂದು ನಕ್ಷೆಯನ್ನು ಮೊದಲ ದಿನವೇ ಗೋಡೆಗೆ ಮುಖ ಮಾಡಿ ತಿರುಗಿಸಿದ್ದಳು. ಗಾಳಿ ಬೀಳುವ ದಿನಗಳ ನಕ್ಷೆ ಅದು. ಗಾಳಿ ಯಾವಾಗ ಬೀಳುತ್ತದೆ, ಎಷ್ಟು ದಿನ ಬೀಳುತ್ತದೆ ಎಂಬುದೊಂದನ್ನು ಅವಳು ಕಲಿಯಲಿಲ್ಲ. ಅದು ಅವಳ ಗೇಣು.

ಏಳನೆಯವಳು ನಾನು. ನಾನು ಯಾವ ನಕ್ಷೆಯನ್ನೂ ಓದಿದವಳಲ್ಲ. ಆದರೆ ಹತ್ತು ವರ್ಷದಿಂದ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವವಳು ನಾನೇ. ವರ್ಷದಲ್ಲಿ ಕೆಲವು ದಿನ ಅವ್ವನ ಸೀರೆ ತಂತಿಯ ಮೇಲೆ ಅಲುಗದೆ ನೆಟ್ಟಗೆ ಇಳಿಬಿದ್ದಿರುತ್ತದೆ, ಸಂಜೆಯಾದರೂ ಅಂಚು ಹಸಿಯಾಗಿಯೇ ಇರುತ್ತದೆ. ಆ ದಿನಗಳನ್ನು ನಾನು ಗೋಡೆಯ ಮೇಲೆ ಸುಣ್ಣದ ಚುಕ್ಕೆಯಿಟ್ಟು ಗುರುತು ಮಾಡಿದ್ದೆ. ಒಮ್ಮೆ ಮಾಳಿಗೆಯ ಮೇಲೆ, 'ಅಕ್ಕಾ, ಸೀರಿ ನೋಡಿಲ್ಲಿ' ಎಂದು ಬಾಯಿ ತೆಗೆದೆ. ಅವಳು ಒದ್ದೆ ಕೈಯಿಂದ ನನ್ನ ಬಾಯಿ ಮುಚ್ಚಿದಳು.

'ಸಾವಂತ್ರೀ, ಅದು ನಿಂದು. ನಿನ್ನ ಹತ್ರನ ಇರ್ಲಿ. ನನಗ ಯಾವತ್ತೂ ಹೇಳಬ್ಯಾಡ.'

ನನಗೆ ಸಂತೋಷವಾಯಿತು ಎಂದು ಹೇಳಿದರೆ ತಪ್ಪೇನಿಲ್ಲ. ನನ್ನದು ಎನ್ನುವಂಥದ್ದು ನನ್ನ ಹತ್ತಿರ ಒಂದಿತ್ತು, ಅಕ್ಕ ಊರಲ್ಲಿ ಉಳಿಯುವುದು ಅದರ ಮೇಲೆ ನಿಂತಿತ್ತು. ನೀತಿಯ ಪುಸ್ತಕ ಮುಗಿದಾಗ ನನ್ನ ಪುಟವನ್ನು ನಾನೇ ಬರೆದೆ, ಏಳನೆಯ ತರಗತಿಯ ಅಕ್ಷರದಲ್ಲಿ. ಮಡಚಿ ಲಕೋಟೆಗೆ ಹಾಕಿ ಗಂಜಿಯಿಂದ ಅಂಟಿಸಿದೆ. ಅಕ್ಕ ಅದನ್ನು ತೆರೆಯದೆ ಪುಸ್ತಕಕ್ಕೆ ಹೊಲಿದು ಮೇಲಕ್ಕೆ ಕಳಿಸಿದಳು. ಆ ತಿಂಗಳು ಅವ್ವ ಮೊದಲ ಸಲ ನಕ್ಕಳು.

ನಾನು ಗುಡಿಸಿ, ಗೇಣು ಬಿಟ್ಟು, ಕಸ ಚೆಲ್ಲಲು ಹೋದೆ ಎಂದೆನಲ್ಲ, ಅದು ಆ ಎರಡು ವರ್ಷದ ಕೊನೆಯ ದಿನ. ಕಸ ಚೆಲ್ಲಿ ಬರುವಷ್ಟರಲ್ಲಿ ಪಟವರ್ಧನ ಸಾಹೇಬರ ಜೀಪು ನಿಂತಿತ್ತು. ಅವರ ಕೈಯಲ್ಲಿ ನಮ್ಮ ಪುಸ್ತಕವಿತ್ತು. ಲಕೋಟೆ ಒಡೆದಿತ್ತು.

'ಶಶಿಕಲಾ ಅವರೇ, ಇಂಥ ಒಳ್ಳೆಯ ನೀತಿ ನಾನು ದೊಡ್ಡ ದೊಡ್ಡ ಊರುಗಳಲ್ಲೂ ನೋಡಿಲ್ಲ' ಎಂದರು ಅವರು, ಹಣೆ ಒರೆಸಿಕೊಳ್ಳುತ್ತ. 'ಆದರೆ ಮೇಲಿನವರು ವಾಪಸು ಕಳಿಸಿದ್ದಾರೆ. ಜವಾಬ್ದಾರಿ ಅಧಿಕಾರಿ ಒಬ್ಬರೇ ಇರಬೇಕು. ಪೂರ್ತಿ ಓದಿದ್ದೇನೆ, ಪೂರ್ತಿ ತಿಳಿದಿದ್ದೇನೆ ಎಂದು ಸಹಿ ಮಾಡಬೇಕು. ಏಳು ಜನ ಸೇರಿ ತಿಳಿದಿದ್ದೇವೆ ಎಂದರೆ ನಡೆಯುವುದಿಲ್ಲ. ಸಹಿಗೆ ಜಾಗ ಒಂದೇ ಇದೆ.'

'ಜಾಗ ಸಣ್ಣದಾದ್ರ ಸಣ್ಣ ಅಕ್ಷರದಾಗ ಮಾಡ್ತೀವ್ರಿ' ಎಂದ ಹುಚ್ಚೀರಪ್ಪ.

ಸಾಹೇಬರು ನಗಲಿಲ್ಲ. 'ಇವತ್ತು ಸಂಜೆ ಐದಕ್ಕೆ ಗಡುವು. ಇದು ಇಲ್ಲಿಂದ ಮೂರಕ್ಕೆ ಹೊರಡಬೇಕು.'

ಅಕ್ಕ ಪೆನ್ನು ತೆಗೆದುಕೊಂಡು, 'ಕೊಡ್ರಿ, ಮಾಡ್ತೀನಿ' ಎಂದಳು. ಓದದೆ ಸಹಿ ಮಾಡಿಬಿಡುವ ಯೋಚನೆ ಅವಳದು. ನನಗೆ ತಿಳಿಯಿತು, ಹುಚ್ಚೀರಪ್ಪನಿಗೂ ತಿಳಿಯಿತು. ಆದರೆ ಸಾಹೇಬರು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. 'ನಾನು ಪ್ರಶ್ನೆ ಕೇಳಿ ಖಾತ್ರಿ ಮಾಡಿಕೊಳ್ಳಬೇಕಂತೆ. ಹಾಗೆಂದು ನಾನೂ ಸಹಿ ಹಾಕಬೇಕು. ಸುಳ್ಳು ಸಹಿ ನನ್ನಿಂದ ಆಗುವುದಿಲ್ಲ, ತಪ್ಪು ತಿಳಿಯಬೇಡಿ.'

ಅವರು ಕೇಳಿದರು, ಅಕ್ಕ ಹೇಳಿದಳು. ಕಂಬದ ಮಾತು, ನೀರಿನ ಮಾತು, ಗಿರಣಿಯ ಮಾತು. ಮಳೆಗಾಲದಲ್ಲಿ ಮಿಕ್ಕ ಕರೆಂಟು ಹೊರಗಿನವರಿಗೆ ಕೊಡುವಾಗ ಯಾವ ಕಟ್ಟಳೆ, ಅವರು ತಪ್ಪಿದರೆ ಯಾವ ದಂಡ. ಅಕ್ಕ ಪುಸ್ತಕ ನೋಡದೆ ಹೇಳುತ್ತಿದ್ದಳು. ಬಾಗಿಲಲ್ಲಿ ನಾನು ಕಸಬರಿಗೆ ಹಿಡಿದು ನಿಂತಿದ್ದೆ. ಅವಳು ಅಷ್ಟು ಚೆಂದ ಮಾತಾಡುವುದನ್ನು ನಾನು ಎಂದೂ ಕೇಳಿರಲಿಲ್ಲ.

'ಕೊನೆಯದು' ಎಂದರು ಸಾಹೇಬರು. 'ಗಾಳಿ ಬೀಳುವುದು ಯಾವಾಗ? ಎಷ್ಟು ದಿನ? ಆ ದಿನಗಳಲ್ಲಿ ದವಾಖಾನೆಯ ಪೆಟ್ಟಿಗೆ ತಣ್ಣಗಿರುವುದು ಹೇಗೆ?'

ಅಕ್ಕ ಗೋಡೆಗೆ ಮುಖ ಮಾಡಿದ ನಕ್ಷೆಯ ಬೆನ್ನನ್ನು ನೋಡಿದಳು. ಮೇಜಿನ ಮೇಲೆ ಗಡಿಯಾರವಿತ್ತು, ಎರಡೂ ಮುಕ್ಕಾಲು. ಸಾಹೇಬರು ನಿಧಾನವಾಗಿ, 'ಇದೊಂದು ಗೊತ್ತಿಲ್ಲದಿದ್ದರೆ ಉಳಿದದ್ದೆಲ್ಲ ಗೊತ್ತಿದ್ದೂ ಪ್ರಯೋಜನವಿಲ್ಲ' ಎಂದರು. ಅಕ್ಕನ ಅಂಗೈ ಮೇಜಿನ ಮೇಲೆ ಚಪ್ಪಟೆಯಾಗಿ ಕೂತಿತ್ತು. ಆ ಪೆಟ್ಟಿಗೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳಲ್ಲ, ಹಾಗೆ. ಅವಳಿಗೆ ರೇಣುಕಾ ಕಾಣುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು.

ನಾನು ಸಾಹೇಬರ ಮುಂದೆ ಎಂದೂ ಬಾಯಿ ತೆರೆದವಳಲ್ಲ. ಅಂದು ತೆರೆದೆ. ಅಕ್ಕನ ಬದಲು ನಾನು ಹೇಳಿಬಿಟ್ಟರೆ ತಿಳಿದವಳು ನಾನು ಎಂದಾಗುತ್ತದೆ, ಸಾಹೇಬರಿಗೂ ಉತ್ತರ ಸಿಗುತ್ತದೆ, ಬಸ್ಸು ಬಂದರೂ ನನಗೇ ಬರುತ್ತದೆ ಎಂದುಕೊಂಡೆ. ನಾನು ಹೋದರೆ ಊರಿಗೆ ಕಸ ಗುಡಿಸುವವಳೊಬ್ಬಳು ಕಡಿಮೆ, ಅಷ್ಟೇ.

'ದಸರಾ ಮುಗದು ಶೀಗಿ ಹುಣ್ಣಿವಿ ಆದ ಮೂರನೇ ದಿನದಿಂದ್ರೀ' ಎಂದೆ. 'ಹನ್ನೊಂದು ದಿನ ಗಾಳಿ ಬೀಳ್ತೈತಿ. ಆ ಹನ್ನೊಂದು ದಿನ ಗಿರಣಿ ಬಂದ್ ಮಾಡಿ, ಸೋಲಾರ್ ಹಲಗಿ ಕರೆಂಟೆಲ್ಲ ದವಾಖಾನಿಗೆ ಕೊಡಬೇಕ್ರಿ.'

'ಸಾವಂತ್ರೀ!' ಎಂದು ಕೂಗಿದ ಹುಚ್ಚೀರಪ್ಪ. ಕೂಗಿದ್ದು ಹೇಳಿ ಮುಗಿಸಿದ ಮೇಲೆ.

ಅಕ್ಕನಿಗೂ ಕಿವಿ ಇದೆ ಎಂಬುದನ್ನು ನಾನು ಮರೆತಿದ್ದೆ. ನನಗೆ ಗೊತ್ತಿದ್ದದ್ದು ಅದೊಂದೇ. ಅವಳಿಗೆ ಗೊತ್ತಿಲ್ಲದ್ದು ಅದೊಂದೇ.

ಅವಳು ನನ್ನ ಕಡೆ ತಿರುಗಿ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಚಿಕ್ಕವಳಿದ್ದಾಗ ನಾನು ಕೊಡ ಒಡೆದಾಗಲೆಲ್ಲ ಹೀಗೇ ನೋಡುತ್ತಿದ್ದಳು, ಚೂರು ಕಾಲಿಗೆ ಚುಚ್ಚಿಲ್ಲ ತಾನೆ ಎಂದು. ಆಮೇಲೆ ಸಾಹೇಬರಿಗೆ, 'ಹೌದ್ರಿ, ಹನ್ನೊಂದು ದಿನ. ಶೀಗಿ ಹುಣ್ಣಿವಿ ಆದ ಮೂರನೇ ದಿನದಿಂದ' ಎಂದಳು. ಸಾಹೇಬರ ಕಣ್ಣು ಹೊಳೆದವು. 'ನೋಡಿ, ಇದು ಸಾಮರ್ಥ್ಯ! ಇದನ್ನೇ ನಾನು ಎರಡು ವರ್ಷದಿಂದ ಹುಡುಕುತ್ತಿದ್ದೆ' ಎಂದು ಪುಸ್ತಕ ಅವಳ ಮುಂದೆ ಸರಿಸಿದರು. ಅಕ್ಕ ಸಹಿ ಮಾಡಿದಳು. ಪೆನ್ನಿನ ಟೊಪ್ಪಿಗೆ ಮುಚ್ಚಿದಳು. ಸುಣ್ಣದ ಗೂಡುಗಳ ಆಚೆಯಿಂದ ಎಂಜಿನ್ನಿನ ಸದ್ದು ಕೇಳಿಸಿತು.

ನಾವು ಮನೆಗೆ ನಡೆದೆವು. ಬಸ್ಸು ನಮ್ಮ ಹಿಂದೆಯೇ, ಎಮ್ಮೆ ಬರುವ ಹಾಗೆ ನಿಧಾನವಾಗಿ ಬಂತು. ಅವ್ವ ಹೊಸ್ತಿಲಲ್ಲಿ ನಿಂತಿದ್ದವಳು ಬಸ್ಸನ್ನು ನೋಡಿದಳು, ಅಕ್ಕನನ್ನು ನೋಡಿದಳು, ಒಳಗೆ ಹೋಗಿ ಹೆಂಚಿಟ್ಟಳು. ಅಕ್ಕ ಒಲೆಯ ಮುಂದೆ ಕೂತು, ಹೊತ್ತಿದ ಅಂಚನ್ನೇ ಮೊದಲು ಮುರಿದು ತಿಂದಳು. ನಾನು ಅಳುತ್ತಿದ್ದೆ.

'ಯಾಕ ಅಳ್ತೀಯ? ಇನ್ನ ಪೆಟ್ಟಿಗಿ ತಣ್ಣಗ ಇರ್ತೈತಿ.'

'ನಾ ಹೇಳಬಾರದಿತ್ತು ಅಕ್ಕಾ.'

'ನೀ ಹೇಳಿರಲಿಲ್ಲಂದ್ರ ನಾನ ಆ ನಕ್ಷಿ ತಿರುವಿ ನೋಡ್ತಿದ್ದೆ.' ಅದು ನಿಜವೋ, ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ ನನಗೆ ಇವತ್ತಿಗೂ ತಿಳಿದಿಲ್ಲ. ಅವಳು ಕೈ ತೊಳೆದು ನನ್ನ ಸೆರಗಿಗೆ ಒರೆಸಿಕೊಂಡಳು. 'ನೀ ಮಾತ್ರ ಪೂರ್ತಿ ಕಲೀಬ್ಯಾಡ. ಅವ್ವನ್ನ ನೋಡ್ಕೊ.'

ಅವ್ವ ಎರಡು ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಟ್ಟು, 'ಅಲ್ಲಿ ನಿಮ್ಮಪ್ಪ ಸಿಕ್ಕರ ಒಂದು ಅವಗ ಕೊಡು' ಎಂದಳು. ಅಕ್ಕ ಹತ್ತಿದಳು. ಡ್ರೈವರ್ ತಿರುಗಿ ನೋಡಲಿಲ್ಲ. ಅವನು ಯಾವಾಗಲೂ ನೋಡುವುದಿಲ್ಲ.

ಒಂಬತ್ತನೆಯ ದಿನ ಪುಸ್ತಕ ಒಪ್ಪಿಗೆಯಾಗಿ ತಿರುಗಿ ಬಂತು, ಗುಡ್ಡದ ಕರೆಂಟು ಊರಿಗೆ ಇಳಿಯಿತು. ದವಾಖಾನೆಯ ಪೆಟ್ಟಿಗೆ ಗುಂಯ್ಯೆಂದು ಸದ್ದು ಮಾಡತೊಡಗಿತು, ನಿಲ್ಲಲೇ ಇಲ್ಲ. ಕಂಪೌಂಡರು ಅದರ ಮೇಲೆ ಒಂದು ಮೊಳ ಹೂ ಇಟ್ಟರು. ಮಳೆಗಾಲದಲ್ಲಿ ಹಾವು ಕಚ್ಚಿದ ಇಬ್ಬರು ಬದುಕಿಕೊಂಡರು. ಅವರ ತಾಯಂದಿರು ನಮ್ಮ ಮನೆಗೆ ಬಂದು ಅವ್ವನ ಕಾಲು ಮುಟ್ಟಿ ಹೋದರು. ಅವ್ವ ಅವರನ್ನು ಹರಸಿದಳು. ಅವರು ಹೋದ ಮೇಲೆ ಒಲೆಯ ಮುಂದೆ ಕೂತಳು. ಆಗ ನಾನು ಕಂಡದ್ದನ್ನು ಯಾರಿಗೂ ಹೇಳಿಲ್ಲ. ಅವ್ವ ರೊಟ್ಟಿ ಮಗುಚುವಾಗ ಮುಖ ತಿರುಗಿಸುತ್ತಿರಲಿಲ್ಲ. ಹೆಂಚನ್ನೇ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಒಂದು ರೊಟ್ಟಿ, ಒಂದೇ ಒಂದು ರೊಟ್ಟಿ ಸರಿಯಾಗಿ ಬರಲಿ ಎಂದು, ಬಂದರೆ ಬಸ್ಸು ಬರುತ್ತದೆ ಎಂದು. ಆದರೆ ಮೂವತ್ತು ವರ್ಷ ಕೆಡಿಸಿದ ಕೈ. ಅಂಚು ಹೊತ್ತುತ್ತಲೇ ಇತ್ತು. ಈಗಲೂ ಹೊತ್ತುತ್ತದೆ.

ಕಚೇರಿಯಲ್ಲಿ ನಾವು ಆರು ಮಂದಿ ಉಳಿದೆವು. ಅಕ್ಕನ ಕುರ್ಚಿಗೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಗುಡಿಸುವಾಗ ನಾನು ಅದರ ಕೆಳಗೂ ಗುಡಿಸುತ್ತೇನೆ, ಈಗ ಕಾಲು ಎತ್ತುವವರಿಲ್ಲ.

ಶೀಗಿ ಹುಣ್ಣಿಮೆ ಬಂತು. ಮೂರನೆಯ ದಿನ ಅವ್ವನ ಸೀರೆ ತಂತಿಯ ಮೇಲೆ ನೆಟ್ಟಗಾಯಿತು, ಗುಡ್ಡದ ಕಂಬಗಳು ಒಂದೊಂದಾಗಿ ನಿಂತವು. ಪುಸ್ತಕದಲ್ಲಿ ಬರೆದ ಹಾಗೆ ಶೇಖಪ್ಪ ಗಿರಣಿಗಳಿಗೆ ಬೀಗ ಹಾಕಿಸಿದ. ಜನ ಮೊದಲೇ ಬೀಸಿಟ್ಟುಕೊಂಡಿದ್ದರು. ಹನ್ನೊಂದು ದಿನ ಕಳೆದವು. ಹನ್ನೆರಡನೆಯ ಬೆಳಿಗ್ಗೆ, ಪುಸ್ತಕದಲ್ಲಿ ಬರೆದ ಹಾಗೆಯೇ, ಗಿರಣಿಗಳು ಶುರುವಾದವು. ನಾನು ಮಾಳಿಗೆ ಹತ್ತಿದೆ. ಸೀರೆ ಅಲುಗುತ್ತಿರಲಿಲ್ಲ.

ಕೆಳಗಿಳಿದು ದವಾಖಾನೆಗೆ ಓಡಿದೆ. ಪೆಟ್ಟಿಗೆಯ ಸದ್ದು ಮುಗ್ಗರಿಸುತ್ತಿತ್ತು. ಮೇಲೆ ಅಂಗೈ ಇಟ್ಟೆ. ಆಮೇಲೆ ನಾನು ಮನೆಯಿಂದ ಮನೆಗೆ, ಗಿರಣಿಯಿಂದ ಗಿರಣಿಗೆ ಹೋದೆ. ಗೊತ್ತಿದ್ದವರ ಮುಂದೆಯೂ ತಲೆ ಎತ್ತದ ನಾನು ಬಾಗಿಲು ಬಡಿದು ಬಡಿದು, 'ಬಂದ್ ಮಾಡ್ರಿ' ಎಂದೆ.

'ಹನ್ನೊಂದು ಅಂತ ಬರದೈತಲ್ಲ? ನೀನ ಹೇಳಿದ್ದಲ್ಲ?' ಎಂದು ಶೇಖಪ್ಪ ಹಿಟ್ಟಿನ ಕೈ ಸೊಂಟಕ್ಕಿಟ್ಟುಕೊಂಡು ನಿಂತ. 'ಮಂದಿ ಕಾಳು ತಂದು ಸಾಲು ನಿಂತಾರ. ಅವರಿಗೇನ ಹೇಳಲಿ?'

ನನ್ನ ಹಿಂದೆ ಏದುಸಿರು ಬಿಡುತ್ತ ಬಂದಿದ್ದ ಹುಚ್ಚೀರಪ್ಪ, 'ಬರದದ್ದು ನಾವು ಓದೇವಿ. ಗಾಳಿ ಓದಿಲ್ಲೋ ಮಾರಾಯಾ' ಎಂದ.

ಶೇಖಪ್ಪ ಬೀಗ ಹಾಕಿದ. ಪೆಟ್ಟಿಗೆ ತಣ್ಣಗಾಯಿತು. ಜನ ಬೀಸುಕಲ್ಲು ಹುಡುಕಿ ತೆಗೆದರು, ನನ್ನನ್ನು ಬೈದುಕೊಂಡೇ ಬೀಸಿದರು. ಗಾಳಿ ಬಂದದ್ದು ಒಟ್ಟು ಹತ್ತೊಂಬತ್ತು ದಿನ ಕಳೆದ ಮೇಲೆ. ಅಂದು ನಾವು ಆರು ಮಂದಿ ಕೂತು ಆ ಪುಟ ತೆಗೆದೆವು. ಹನ್ನೊಂದು ಹೊಡೆದು ಹತ್ತೊಂಬತ್ತು ಎಂದು ಬರೆಯಲು ಹೊರಟವರಿಗೆ ನಾನು, 'ಬ್ಯಾಡ್ರಿ, ಸೀರಿ ಅಲುಗೂ ತನಕ ಅಂತ ಬರೀರಿ' ಎಂದೆ. ಹಳೆಯ ಪುಟ ಬಿಚ್ಚಿ ತೆಗೆದು, ಹೊಸ ಹಾಳೆಯಲ್ಲಿ ಹಾಗೇ ಬರೆದರು. ಬರೆಯುವುದನ್ನು ನೋಡುತ್ತ ಕೂತಿದ್ದವಳಿಗೆ ಒಮ್ಮೆಲೇ ಹೊಳೆಯಿತು. ಎದ್ದು ನಿಂತೆ. ಅಕ್ಕನಿಗೆ ನಾನು ಹೇಳಿದ್ದು ತಪ್ಪು. ಅವಳು ಸಹಿ ಮಾಡಿದ್ದು ತಪ್ಪಿನ ಮೇಲೆ. ಅವಳ ಗೇಣು ಅವಳಲ್ಲೇ ಇತ್ತು.

ಅಂದಿನಿಂದ ಆ ಹಳೆಯ ಪುಟವನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಓಡಾಡಿದೆ. ಬಸ್ಸು ಬರಲಿಲ್ಲ. ಊರಿನವರು ಅಷ್ಟು ಎಚ್ಚರವಾಗಿದ್ದರು. ಇವತ್ತು ಮಧ್ಯಾಹ್ನ ಕೆಳಗಿನ ಓಣಿಯ ಸಿಂಪಿಗರ ಯಮನಪ್ಪ ಮೊಮ್ಮಗಳ ಅಂಗಿಗೆ ಗುಂಡಿ ಹಚ್ಚುತ್ತ ಮೈಮರೆತು ಕೊನೆಯದನ್ನೂ ಹಚ್ಚಿಬಿಟ್ಟನಂತೆ. ಎಂಜಿನ್ನಿನ ಸದ್ದು ಕೇಳಿ ನಾನು ಕಸಬರಿಗೆ ಬಿಟ್ಟು ಓಡಿದೆ. ಅವನ ಮನೆಯವರು ಬಾಗಿಲಲ್ಲಿ ಅಳುತ್ತಿದ್ದರು. ಯಮನಪ್ಪ ಕತ್ತರಿಯನ್ನು ಮಗನ ಕೈಗೆ ಕೊಟ್ಟು ಹತ್ತಿದ. ನಾನು ಡ್ರೈವರನ ಕಿಟಕಿಯ ಕೆಳಗೆ ಹೋಗಿ ನಿಂತೆ. ಅವನು ಎದುರಿನ ದಾರಿಯನ್ನೇ ನೋಡುತ್ತಿದ್ದ. ಪುಟವನ್ನು ಬಿಡಿಸಿ ಎರಡೂ ಕೈಯಿಂದ ಮೇಲೆತ್ತಿ ಹಿಡಿದೆ.

'ಅಣ್ಣಾರ, ಇಲ್ನೋಡ್ರಿ' ಎಂದೆ. 'ನಾ ಹೇಳಿದ್ದು ತಪ್ಪಿತ್ರಿ. ಹನ್ನೊಂದಲ್ಲ, ಹತ್ತೊಂಬತ್ತು ದಿನ ಆತು. ನಮ್ಮಕ್ಕಗ ಪೂರ್ತಿ ಗೊತ್ತಿಲ್ರಿ. ಆಕೀನ್ನ ವಾಪಸು ಕಳಿಸ್ರಿ.'